ಅರ್ಧ ಇಂಚು ಹೆಚ್ಚು

ಸೋದರತ್ತೆಯ ಹೊಲಿಗೆ ಅಂಗಡಿಗೆ ಸೇರಿದಾಗ ನನಗೆ ಇಪ್ಪತ್ನಾಲ್ಕು. ಅಷ್ಟರಲ್ಲಿ ಎರಡು ಕೋರ್ಸು ಅರ್ಧಕ್ಕೆ ಬಿಟ್ಟಿದ್ದೆ, ಒಂದು ಕೆಲಸ ಮೂರೇ ತಿಂಗಳಿಗೆ ಮುಗಿದಿತ್ತು. ಏನು ಕೇಳಿದರೂ "ನೋಡೋಣ" ಅನ್ನುತ್ತಿದ್ದೆನಾದ್ದರಿಂದ ಅಣ್ಣ ನನಗೆ ನೋಡೋಣಮ್ಮ ಎಂದೇ ಹೆಸರಿಟ್ಟಿದ್ದ. "ನಿನ್ನ ಹತ್ರಾನೂ ಆಗದಿದ್ರೆ ಇವಳನ್ನ ದೇವರೇ ಕಾಪಾಡಬೇಕು" ಎಂದು ಅಪ್ಪ ಫೋನಿನಲ್ಲಿ ತನ್ನ ತಂಗಿಗೆ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು.

ಈಗಲೂ ಇಸ್ತ್ರಿಪೆಟ್ಟಿಗೆಯಡಿ ಒದ್ದೆ ಬಟ್ಟೆ ಚುಂಯ್ ಎಂದರೆ ಸಾಕು, ಆ ಉದ್ದನೆಯ ಕೋಣೆ ಕಣ್ಣಿಗೆ ಕಟ್ಟುತ್ತದೆ. ಬೀದಿ ಕಡೆಗೆ ಆಳೆತ್ತರದ ಕನ್ನಡಿ, ನಡುವೆ ಕತ್ತರಿಸುವ ಮೇಜು, ಹಿಂದೆ ಎರಡು ಮಷೀನು. ಅತ್ತೆ ಅಳತೆ ತೆಗೆದು ಪುಸ್ತಕದಲ್ಲಿ ಬರೆಯುತ್ತಿದ್ದರು, ನಾನು ಗೆರೆ ಎಳೆದು ಕತ್ತರಿಸುತ್ತಿದ್ದೆ, ಮೂವತ್ತು ವರ್ಷದಿಂದ ಅಲ್ಲೇ ಇದ್ದ ಮಾಸ್ಟರು ಹೊಲಿಯುತ್ತಿದ್ದರು. ಇಬ್ಬರೂ ಈಗಿಲ್ಲ.

ಬಟ್ಟೆಗೆ ಕತ್ತರಿ ಇಟ್ಟರೆ ಮುಗಿಯಿತು, ಹಿಂದಕ್ಕೆ ಬರುವಂತಿಲ್ಲ. ಆ ಯೋಚನೆಗೇ ನನ್ನ ಕೈ ತಣ್ಣಗಾಗುತ್ತಿತ್ತು. ಅದಕ್ಕೆ ಒಂದು ಉಪಾಯ ಹೂಡಿದೆ: ಪ್ರತಿ ತುಂಡಿಗೂ ಅರ್ಧ ಇಂಚು ಹೆಚ್ಚು ಬಿಟ್ಟು ಗೆರೆ ಎಳೆಯುವುದು. ಬಿಗಿಯಾದರೆ ಬೈಗುಳ ಗ್ಯಾರಂಟಿ, ಸಡಿಲವಾದರೆ ಹಿಡಿದು ಹೊಲಿಯಬಹುದಲ್ಲ! ಆದರೆ ವರ್ಷವಾದರೂ ಒಂದು ಬಟ್ಟೆಯೂ ಸಡಿಲವೆಂದು ವಾಪಸು ಬರಲಿಲ್ಲ. ಅಂತೂ ನನಗೂ ಒಂದು ಕೆಲಸ ಬಂತು ಎಂದು ಒಳಗೊಳಗೇ ಬೀಗಿದೆ.

ಆಗ ಮಾಸ್ಟರು ಹೊಸದಾಗಿ ಹುಟ್ಟಿದ ಮೊಮ್ಮಗಳನ್ನು ನೋಡಲು ಒಂದು ವಾರ ರಜೆ ಹಾಕಿದರು. ಅವರ ಪಾಲಿನ ಒಂದು ಕೋಟನ್ನು ಅತ್ತೆಯೇ ಹೊಲಿದರು, ನನ್ನ ಗೆರೆಯನ್ನು ಕಣ್ಣುಮುಚ್ಚಿ ನಂಬಿ. ಅದು ಒಬ್ಬ ಟೀಚರದು. ವರ್ಷವಿಡೀ ಕಾಯಿಲೆಯಲ್ಲಿ ಮಲಗಿ ಎದ್ದವರು, ಸೋಮವಾರದಿಂದ ಮತ್ತೆ ಶಾಲೆಗೆ ಹೊರಟಿದ್ದರು.

ಕೋಟು ತೊಟ್ಟು ಕನ್ನಡಿಯೆದುರು ನಿಂತ ಟೀಚರು ಸೊಂಟದ ಹತ್ತಿರ ಒಂದು ಹಿಡಿ ಬಟ್ಟೆ ಹಿಡಿದು ನೋಡಿದರು. ಮುಖ ಬಿಳಿಚಿಕೊಂಡಿತು.

"ಹೋದ ತಿಂಗಳು ತಗೊಂಡ ಅಳತೆ ಅಲ್ವಾ ಇದು?"

"ಹೌದು ಟೀಚರ್. ನನ್ನ ಅಳತೆ ಯಾವತ್ತೂ ತಪ್ಪಲ್ಲ" ಎಂದ ಅತ್ತೆ, ಮಾತು ಬಾಯಿಂದ ಜಾರಿದ ಮೇಲೆ ತುಟಿ ಕಚ್ಚಿಕೊಂಡರು.

"ಹಾಗಾದ್ರೆ ನಾನೇ ಮತ್ತೆ ಇಳಿದಿದ್ದೀನಿ. ತೂಕ ಇಳಿದ್ರೆ ತಕ್ಷಣ ಬನ್ನಿ ಅಂದಿದ್ರು ಡಾಕ್ಟರು."

ಟೀಚರು ಮೆಲ್ಲಗೆ ಗುಂಡಿ ಬಿಚ್ಚತೊಡಗಿದರು. ನಾನು ಸುಮ್ಮನಿದ್ದಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಬಾಯಿಬಿಟ್ಟರೆ ಈ ಕೆಲಸವೂ ಹೋಯಿತು, ಅಪ್ಪನಿಗೆ ಯಾವ ಮುಖ ತೋರಿಸುವುದು? ಆದರೆ ಆ ಬೆರಳುಗಳು ಗುಂಡಿಯ ಮೇಲೆ ತಡವರಿಸುವುದನ್ನು ನೋಡುತ್ತ ನಿಲ್ಲಲು ನನ್ನಿಂದಾಗಲಿಲ್ಲ.

"ಟೀಚರ್, ತಪ್ಪು ನಂದು. ಹೆದರಿಕೊಂಡು ನಾಲ್ಕು ತುಂಡಿಗೂ ಅರ್ಧರ್ಧ ಇಂಚು ಜಾಸ್ತಿ ಬಿಟ್ಟಿದ್ದೀನಿ. ಯಾವಾಗ್ಲೂ ಬಿಡ್ತೀನಿ."

ಅತ್ತೆ ನನ್ನನ್ನು ನುಂಗುವಂತೆ ನೋಡಿದರು. "ಯಾವಾಗ್ಲೂನಾ? ಹಾಗಾದ್ರೆ ಮಾಸ್ಟರು ಒಂದು ವರ್ಷದಿಂದ ನೀನು ಕತ್ತರಿಸಿದ್ದನ್ನೆಲ್ಲ ಒಳಗೆ ಹಿಡಿದು ಹೊಲೀತಿದ್ರಾ? ಒಂದು ಮಾತೂ ಆಡಿಲ್ವಲ್ಲೇ ಆ ಮನುಷ್ಯ!"

ನನಗೂ ಅದು ಹೊಳೆದದ್ದು ಆಗಲೇ. ನಾಚಿಕೆಯಿಂದ ಭೂಮಿಗಿಳಿದುಹೋದೆ.

ಟೀಚರ ಮುಖ ಮಾತ್ರ ತಿಳಿಯಾಗಲಿಲ್ಲ. ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡಿರಬೇಕು. ಅತ್ತೆಯನ್ನು ಕೇಳದೆಯೇ ಅವರ ಕೊರಳಿನ ಟೇಪು ಎಳೆದುಕೊಂಡೆ, ಟೀಚರ ಕೋಟು ತೆಗೆಸಿ ಸೊಂಟಕ್ಕೆ ಸುತ್ತಿದೆ.

"ಮೂವತ್ನಾಲ್ಕು. ಪುಸ್ತಕದಲ್ಲೂ ಮೂವತ್ನಾಲ್ಕೇ ಇದೆ, ನೋಡಿ. ಒಂದು ನೂಲೂ ಇಳಿದಿಲ್ಲ ನೀವು."

"ಖಂಡಿತನಾ?"

"ಖಂಡಿತ" ಎಂದೆ.

ಟೀಚರು ಸ್ಟೂಲಿನ ಮೇಲೆ ಕುಸಿದು ಕುಳಿತು, ತೊಡೆಯ ಮೇಲಿದ್ದ ಹೊಸ ಕೋಟಿನ ತೋಳಿನಲ್ಲೇ ಕಣ್ಣೊರೆಸಿಕೊಂಡರು.

"ಎಷ್ಟು ಅಂದೆ? ಇನ್ನೊಂದ್ಸಲ ಹೇಳಮ್ಮ."

ಹೇಳಿದೆ. ಮೂರು ಸಲ ಕೇಳಿದರು, ಮೂರು ಸಲವೂ ಹೇಳಿದೆ.