ಹೆಸರಿನ ಕಾಲಂ ಅಷ್ಟೇ

ಮಕ್ಕಳು ಅವಳಿಗೆ ಇಟ್ಟಿದ್ದ ಹೆಸರು ಚೌಕದ ಮಿಸ್. ಶಾಲೆಯಲ್ಲಿದ್ದದ್ದು ಒಂಬತ್ತು ಕಂಪ್ಯೂಟರ್, ಅದರಲ್ಲಿ ಮೂರು ಸದಾ ಮುನಿಸಿಕೊಂಡೇ ಇರುತ್ತಿದ್ದವು. ಹಾಗಾಗಿ ಅವಳು ಸ್ಪ್ರೆಡ್‌ಶೀಟನ್ನು ಅಂಗಳದಲ್ಲೇ ಸೀಮೆಸುಣ್ಣದಿಂದ ಬರೆದುಬಿಡುತ್ತಿದ್ದಳು. ಉದ್ದಕ್ಕೆ ಅಂಕಿ, ಅಡ್ಡಕ್ಕೆ ಅಕ್ಷರ, ಒಂದೊಂದು ಚೌಕಕ್ಕೆ ಒಂದೊಂದು ಮಗು. 'ಸಿ ನಾಲ್ಕು' ಎಂದು ಕೂಗಿದರೆ ಆ ಚೌಕದಲ್ಲಿ ನಿಂತವರು ಕೂರಬೇಕು. ಮೊತ್ತದ ಸೂತ್ರ ಕಲಿಸುವ ದಿನ ಒಬ್ಬಳು ಬುಟ್ಟಿ ಹಿಡಿದು ಕಾಲಂ ಉದ್ದಕ್ಕೂ ಓಡಿ, ಎಲ್ಲರ ಕೈಯಲ್ಲಿದ್ದ ಕಲ್ಲು ಒಟ್ಟುಮಾಡಿ ತಂದು ಕೊನೆಯ ಚೌಕದಲ್ಲಿ ಸುರಿಯುತ್ತಿದ್ದಳು. ಫಿಲ್ಟರ್ ಎಂದರೆ ಬಾಗಿಲಿಗೆ ಅಡ್ಡ ನಿಂತ ದಪ್ಪ ಹುಡುಗಿ. ಮಿಸ್ ಹೇಳಿದ ಬಣ್ಣದ ಕಾಲುಚೀಲ ಇಲ್ಲದಿದ್ದರೆ ಆ ಮಹಾತಾಯಿ ಮೇಷ್ಟ್ರುಗಳನ್ನೂ ಒಳಗೆ ಬಿಡುತ್ತಿರಲಿಲ್ಲ.

ಇಷ್ಟು ನಗುನಗುತ್ತಾ ಪಾಠ ಮಾಡುವವಳು ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು ಓಡಾಡುತ್ತಿದ್ದಾಳೆಂದು ಯಾರಿಗೆ ಗೊತ್ತಾಗಬೇಕು?

ಆ ಕೆಂಡ ಬಿದ್ದದ್ದು ಮೂರು ತಿಂಗಳ ಹಿಂದೆ. ಮಕ್ಕಳಿಗೆ ಅಭ್ಯಾಸಕ್ಕೆ ನಿಜವಾದ ಪಟ್ಟಿಯೊಂದು ಬೇಕೆಂದು ಆಫೀಸಿನ ಹಳೇ ಬೀರು ಕೆದಕುತ್ತಿದ್ದಳು. ಒಂಬತ್ತು ವರ್ಷದ ಹಿಂದಿನ ಅಂಕಗಳ ಪಟ್ಟಿ ಸಿಕ್ಕಿತು. ಅದು ಅವಳ ತಂಗಿಯ ತರಗತಿಯದು. ತಂಗಿ ಇದೇ ಶಾಲೆಯಲ್ಲಿ ಓದಿದವಳು. ಆ ವರ್ಷ ನರ್ಸಿಂಗ್ ಶಾಲೆಯವರು ಪ್ರತಿ ಶಾಲೆಯಿಂದ ಮೊದಲ ಸ್ಥಾನದ ಒಬ್ಬರನ್ನು ತೆಗೆದುಕೊಳ್ಳುತ್ತಿದ್ದರು, ಹೆಡ್ ಮೇಷ್ಟ್ರು ಕಳಿಸಿದ ಪಟ್ಟಿಯೇ ಆಧಾರ. ತಂಗಿ ನಡಿಗೆ ಕಲಿತಾಗಿನಿಂದ ಗೊಂಬೆಗಳಿಗೆ ಬ್ಯಾಂಡೇಜು ಕಟ್ಟಿದವಳು. ಪರೀಕ್ಷೆ ಬರೆದು ಬಂದು, ಸೀಟು ನನ್ನದೇ ಎಂದಿದ್ದಳು. ಪಟ್ಟಿಯಲ್ಲಿ ಬಂದದ್ದು ನಲವತ್ತೊಂದು ಅಂಕ.

ಅಪ್ಪ ಶಾಲೆಗೆ ಹೋಗಿ ವಿಚಾರಿಸಿದಾಗ ಹೆಡ್ ಮೇಷ್ಟ್ರು, ಕಂಪ್ಯೂಟರಿನಿಂದ ಬಂದ ಪಟ್ಟಿಯಪ್ಪಾ ಇದು, ನಿಮ್ಮ ಮಗಳ ತಲೆ ಓಡುವುದಿಲ್ಲ, ಅಷ್ಟೇ, ಎಂದು ಸಾಗಹಾಕಿದ್ದರು. ಅಪ್ಪ ಮನೆಗೆ ಬಂದು, ಆಗ ತಾನೇ ಕಂಪ್ಯೂಟರ್ ಡಿಪ್ಲೊಮಾಕ್ಕೆ ಸೇರಿದ್ದ ಇವಳನ್ನೂ ಒಂದು ಮಾತು ಕೇಳಿದ್ದರು. ಇವಳೂ ಏನೋ ಒಂದು ಹೇಳಿದ್ದಳು. ಅದಿರಲಿ. ಸುಳ್ಳು ಬೊಗಳುತ್ತೀಯಾ ಎಂದು ಅಪ್ಪ ತಂಗಿಯ ಜೊತೆ ಮಾತು ಬಿಟ್ಟರು. ಹಾಗೆ ಬಿಟ್ಟ ಮಾತನ್ನು ಮತ್ತೆ ಹಿಡಿಯುವ ಮೊದಲೇ ತೀರಿಕೊಂಡರು. ತಂಗಿ ಈಗ ಆಸ್ಪತ್ರೆಯ ಲಾಂಡ್ರಿಯಲ್ಲಿದ್ದಾಳೆ. ದಿನಕ್ಕೆ ನೂರಿಪ್ಪತ್ತು ನರ್ಸುಗಳ ಬಿಳಿ ಬಟ್ಟೆಗೆ ಇಸ್ತ್ರಿ ಹಾಕುತ್ತಾಳೆ.

ಬೀರುವಿನಲ್ಲಿ ಪಟ್ಟಿಯ ಜೊತೆಗೆ ಕೈಬರಹದ ಅಂಕಗಳ ರಿಜಿಸ್ಟರೂ ಇತ್ತು. ಅದರಲ್ಲಿ ತಂಗಿಯ ಎದುರಿಗೆ ತೊಂಬತ್ತಮೂರು. ಎರಡನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಬೆರಳಿಟ್ಟು ನೋಡಿದಳು. ಅಂಕಗಳು ರಿಜಿಸ್ಟರಿನ ಸಾಲಿನಲ್ಲೇ ಇದ್ದವು, ಹೆಸರುಗಳು ಮಾತ್ರ ಅಕಾರಾದಿಯಾಗಿ ಜಾಗ ಬದಲಿಸಿದ್ದವು. ಯಾರೋ ಹೆಸರಿನ ಕಾಲಂ ಒಂದನ್ನೇ ಆರಿಸಿ ಜೋಡಿಸಿಬಿಟ್ಟಿದ್ದರು. ಇಪ್ಪತ್ನಾಲ್ಕು ಮಕ್ಕಳ ಅಂಕ ಅದಲುಬದಲು. ಪಟ್ಟಿ ಮಾಡಿದವರು ಯಾರು? ಆಗ ಗುಮಾಸ್ತರೇ ಇರಲಿಲ್ಲ, ಕಂಪ್ಯೂಟರ್ ಮುಟ್ಟುತ್ತಿದ್ದದ್ದು ಹೆಡ್ ಮೇಷ್ಟ್ರೊಬ್ಬರೇ.

ತಪ್ಪು ಯಾರಿಂದಲೂ ಆಗುತ್ತದೆ, ಬಿಡಿ. ಆದರೆ ರಿಜಿಸ್ಟರಿನ ಒಳಗೊಂದು ಚೀಟಿ ಇತ್ತು. 'ಹೆಸರು, ಅಂಕ ಕಲಸಿಹೋಗಿವೆ, ಸೀಟು ಹಂಚುವ ಮೊದಲು ಸರಿಪಡಿಸಬೇಕು' ಎಂದು ಅಂದಿನ ವಿಜ್ಞಾನದ ಮೇಡಂ ಬರೆದದ್ದು. ಕೆಳಗೆ ಹೆಡ್ ಮೇಷ್ಟ್ರ ಕೈಬರಹ: 'ನೋಡಿದೆ.' ಸಹಿ, ತಾರೀಖು. ನೋಡಿದ ಮಹಾನುಭಾವರು ಮರ್ಯಾದೆ ಹೋಗುತ್ತದೆಂದು ಚೀಟಿ ಮಡಿಚಿಟ್ಟು ಕೈ ತೊಳೆದುಕೊಂಡಿದ್ದರು. ಸೀಟು ಸಿಕ್ಕ ಹುಡುಗಿಗೆ ಇದಾವುದೂ ಗೊತ್ತಿರಲಿಲ್ಲ, ಅವಳ ಮೇಲೆ ಇವಳಿಗೆ ಸಿಟ್ಟೂ ಇರಲಿಲ್ಲ. ಸಿಟ್ಟೆಲ್ಲ ಆ ಒಂದು ಪದದ ಮೇಲೆ. ನಾಲ್ಕು ಜನರೆದುರು ಈ ಮನುಷ್ಯನ ನೀರಿಳಿಸದಿದ್ದರೆ ನಾನು ನನ್ನಪ್ಪನ ಮಗಳಲ್ಲ ಎಂದುಕೊಂಡಳು. ತಂಗಿಗೆ ಮಾತ್ರ ಏನೂ ಹೇಳಲಿಲ್ಲ.

ಅದೇ ಹೆಡ್ ಮೇಷ್ಟ್ರು ಈಗ ನಿವೃತ್ತಿಯ ಹೊಸ್ತಿಲಲ್ಲಿದ್ದರು. ಇನ್ನೆರಡು ವರ್ಷ ಅವರನ್ನೇ ಮುಂದುವರಿಸಬೇಕೋ ಬೇಡವೋ ಎಂದು ನೋಡಲು ಮೇಲಿನ ಅಧಿಕಾರಿ ಮೇಡಂ ಒಬ್ಬರು ಬರುವವರಿದ್ದರು. ನಿನ್ನ ಚೌಕದಾಟ ಇಟ್ಟುಬಿಡಮ್ಮ, ಮೇಡಂ ಖುಷಿಯಾಗುತ್ತಾರೆ ಎಂದು ಹೆಡ್ ಮೇಷ್ಟ್ರೇ ಅವಳ ಬಳಿ ಬಂದು ಹಲ್ಲು ಕಿರಿದರು. ಆಗಲಿ ಸಾರ್ ಎಂದಳು, ಬೆಣ್ಣೆಯಂಥ ದನಿಯಲ್ಲಿ.

ಆ ದಿನ ಅಂಗಳದಲ್ಲಿ ಇಪ್ಪತ್ನಾಲ್ಕು ಸಾಲು, ಎರಡು ಕಾಲಂ. ಎಡಗಡೆಯ ಮಕ್ಕಳ ಕೈಯಲ್ಲಿ ಹೆಸರಿನ ಹಲಗೆ, ಬಲಗಡೆಯವರ ಕೈಯಲ್ಲಿ ಅಂಕದ ಹಲಗೆ. ಹೆಡ್ ಮೇಷ್ಟ್ರು ಕೈ ಹಿಂದೆ ಕಟ್ಟಿಕೊಂಡು ಸಾಲಿನುದ್ದಕ್ಕೂ ನಡೆದು ಹಲಗೆಗಳನ್ನು ಓದಿದರು. ಒಂಬತ್ತು ವರ್ಷದ ಹಿಂದಿನ ಆ ಇಪ್ಪತ್ನಾಲ್ಕು ಹೆಸರುಗಳಲ್ಲಿ ಅವರಿಗೆ ಒಂದೂ ನೆನಪಾಗಲಿಲ್ಲ! ಅದನ್ನು ಕಂಡು ಅವಳಿಗೆ ಉಳಿದಿದ್ದ ಚೂರುಪಾರು ಕನಿಕರವೂ ಹಾರಿಹೋಯಿತು. ಗೇಟಿನ ಹತ್ತಿರ ತಂಗಿ ಲಾಂಡ್ರಿಯ ನೀಲಿ ಏಪ್ರನ್ನಿನಲ್ಲೇ ಬಂದು ನಿಂತಿದ್ದಳು. ಊಟದ ಬಿಡುವಿನಲ್ಲಿ ಐದು ನಿಮಿಷ ಬಂದು ಹೋಗು ಎಂದು ಅಕ್ಕನೇ ಫೋನ್ ಮಾಡಿ ಕರೆಸಿದ್ದಳು.

"ಸಾರ್, ಹೆಸರುಗಳನ್ನ ಅಕಾರಾದಿಯಾಗಿ ಜೋಡಿಸ್ಬೇಕು. ಯಾವ ಕಾಲಂ ಆರಿಸ್ಲಿ?"

"ಅದನ್ನೂ ಕೇಳ್ಬೇಕೇನಮ್ಮ? ಹೆಸರಿನ ಕಾಲಂ ಅಷ್ಟೇ," ಎಂದರು ಅವರು, ಅಧಿಕಾರಿಯ ಕಡೆ ನೋಡಿ ನಗುತ್ತಾ.

ಅವಳು ಚಪ್ಪಾಳೆ ತಟ್ಟಿದಳು. ಎಡಗಡೆಯ ಮಕ್ಕಳು ದಡಬಡ ಓಡಿ ಜಾಗ ಬದಲಿಸಿದರು. ಬಲಗಡೆಯವರು ಕದಲಲಿಲ್ಲ. ತೊಂಬತ್ತಮೂರರ ಪಕ್ಕದಲ್ಲಿದ್ದ ಹೆಸರು ಈಗ ನಲವತ್ತೊಂದರ ಪಕ್ಕಕ್ಕೆ ಬಂದು ನಿಂತಿತ್ತು. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಅಯ್ಯೋ, ಎಲ್ಲರ ಮಾರ್ಕ್ಸೂ ಎಕ್ಕುಟ್ಟಿಹೋಯ್ತು ಎಂದು ಒಬ್ಬಳು ಹೊಟ್ಟೆ ಹಿಡಿದುಕೊಂಡಳು.

ಆಗ ಚೌಕದ ಮಿಸ್ ರಿಜಿಸ್ಟರು, ಪಟ್ಟಿ, ಚೀಟಿ ಮೂರನ್ನೂ ತಂದು ಅಧಿಕಾರಿಯ ಕೈಗೆ ಕೊಟ್ಟಳು. ಇವು ಆಟಕ್ಕೆಂದು ಕಟ್ಟಿದ ಅಂಕಗಳಲ್ಲ, ಇದೇ ಶಾಲೆಯ ಮಕ್ಕಳವು, ಒಬ್ಬಳು ಅಗೋ ಗೇಟಿನ ಹತ್ತಿರ ನಿಂತಿದ್ದಾಳೆ, ಎಂದು ಇಡೀ ಅಂಗಳಕ್ಕೆ ಕೇಳುವಂತೆ ಹೇಳಿದಳು. ಚೀಟಿಯನ್ನೂ ಗಟ್ಟಿಯಾಗಿ ಓದಿದಳು, ಕೊನೆಯ ಪದವನ್ನು ಎರಡು ಸಲ. ಅಧಿಕಾರಿ ಕೇಳಿದ್ದು ಒಂದೇ ಮಾತು, ಇದು ನಿಮ್ಮ ಸಹಿಯೇ? ಹೆಡ್ ಮೇಷ್ಟ್ರ ಮುಖ ಸುಣ್ಣ ಬಳಿದಂತಾಯಿತು. ಕಂಪ್ಯೂಟರು, ಹಳೇದು, ಎಂದೇನೋ ತೊದಲಿದರು. ಆಹಾ, ಅವಳಿಗೆ ಎಷ್ಟು ತೃಪ್ತಿಯಾಯಿತೆಂದರೆ ಬಾಯಿ ಸಿಹಿಯಾಯಿತು.

ಎರಡು ವರ್ಷದ ಮಾತು ಅಲ್ಲಿಗೇ ಮುಗಿಯಿತು. ಇಪ್ಪತ್ನಾಲ್ಕು ಜನರಿಗೂ ತಪ್ಪೊಪ್ಪಿಗೆ ಪತ್ರ ಹೋಗಬೇಕು, ಮೊದಲನೆಯದು ಈಗಲೇ, ನನ್ನೆದುರಿಗೇ ಎಂದು ಅಧಿಕಾರಿ ಅವರನ್ನು ಅವರದೇ ಕೋಣೆಯಲ್ಲಿ ಕೂರಿಸಿದರು. ತಂಗಿ ಎದುರು ಕುರ್ಚಿಯಲ್ಲಿ ಕೂತಳು, ಅಕ್ಕ ಅವಳ ಹಿಂದೆ ಎದೆಯುಬ್ಬಿಸಿ ನಿಂತಳು. 'ಕಂಪ್ಯೂಟರಿನ ದೋಷದಿಂದ' ಎಂದು ಅವರು ಶುರುಮಾಡಿದರು. ತಂಗಿ ಆ ಹಾಳೆ ಎಳೆದುಕೊಂಡು ನಾಲ್ಕು ತುಂಡು ಮಾಡಿ ಮೇಜಿನ ಮೇಲಿಟ್ಟಳು.

"ಗೊತ್ತಿದ್ದೂ ಸುಮ್ಮನಿದ್ದೆ ಅಂತ ಬರೀರಿ ಸಾರ್."

ಅವರು ಹಾಗೆಯೇ ಬರೆದರು. ತಂಗಿ ಎರಡು ಸಲ ಓದಿ, ಮಡಿಚಿ, ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಆಮೇಲೆ ಇನ್ನೊಂದು ಬಿಳಿ ಹಾಳೆ ತೆಗೆದು, ಹಿಂದೆ ತಿರುಗಿ, ಪೆನ್ನಿನ ಸಮೇತ ಅಕ್ಕನ ಮುಂದೆ ಹಿಡಿದಳು.

"ಇದು ನೀನು ಬರಿ ಅಕ್ಕ."

"ನಾನಾ? ಯಾರಿಗೆ?"

"ಅಪ್ಪಂಗೆ. ಫೋಟೋ ಹಿಂದೆ ಇಡ್ತೀನಿ. ಅಪ್ಪ ಇವರ ಮಾತು ನಂಬಿರ್ಲಿಲ್ಲ, ಮನೆಗೆ ಬಂದು ನಿನ್ನ ಕೇಳಿದ್ರು. ಕಂಪ್ಯೂಟರ್ ತಪ್ಪು ಮಾಡಲ್ಲಪ್ಪಾ, ಇವಳೇ ಸರಿಯಾಗಿ ಬರ್ದಿಲ್ಲ ಅಂದೆ. ಆಮೇಲೇ ಅಪ್ಪ ನನ್ನ ಹತ್ರ ಮಾತು ಬಿಟ್ಟಿದ್ದು."

ಹೆಡ್ ಮೇಷ್ಟ್ರು ಎದ್ದು ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಅಕ್ಕ ಅದರಲ್ಲಿ ಕೂತು, ಪೆನ್ನು ಹಿಡಿದು, 'ಅಪ್ಪಾ' ಎಂದು ಬರೆದಳು. ಮುಂದಕ್ಕೆ ಕೈ ಏಳಲಿಲ್ಲ. ತಂಗಿ ಗೋಡೆಯ ಗಡಿಯಾರ ನೋಡಿದಳು.

"ಬರಿ," ಎಂದಳು. "ಬಿಡುವು ಮುಗಿಯೋಕೆ ಇನ್ನೂ ಇಪ್ಪತ್ತು ನಿಮಿಷ ಇದೆ. ಕಾಯ್ತೀನಿ."