ಅರವತ್ತು ಗ್ರಾಂ ಡೊಂಕು

ಶನಿವಾರದ ಸೇಬಿನ ಪೈ ಮೇಲೆ ಉದುರಿಸುವ ಪುಡಿ ಅಕ್ಕನ ಕೈಯಲ್ಲೇ ಆಗಬೇಕು. ಹತ್ತೊಂಬತ್ತು ವರ್ಷಗಳಿಂದ ಆ ಬೇಕರಿಯ ನಿಯಮ ಅದು. ಬ್ರೆಡ್ಡು ಭಾವನ ಪಾಲು, ಪೈ ಅಕ್ಕನ ಪಾಲು. ಆ ಅಕ್ಕ ಸೋಮವಾರ ಮೆಟ್ಟಿಲಲ್ಲಿ ಜಾರಿ ಬಲಗೈ ಮುರಿದುಕೊಂಡಳು. ಆರು ವಾರ ಪ್ಲಾಸ್ಟರ್.

ತಂಗಿಗೆ ಮೂವತ್ತಾರು ತುಂಬಿದ್ದರೂ ಮನೆಯವರಿಗೆ ಅವಳು ಪುಟ್ಟಿಯೇ. ಹನ್ನೊಂದು ವರ್ಷ ಕೌಂಟರಿನಲ್ಲಿ ನಿಂತು ಪೊಟ್ಟಣ ಕಟ್ಟಿ ಬೇಸತ್ತಿದ್ದಳು. ಅಕ್ಕ ಷರತ್ತು ಹಾಕಿದಳು: ಶನಿವಾರ ಮಧ್ಯಾಹ್ನ ಮೂರು ಗಂಟೆಯೊಳಗೆ ಒಂದು ಪೈ ಸರಿಯಾಗಿ ಮಾಡಿ ತೋರಿಸಿದರೆ ಪೈ ಮೇಜು ಪುಟ್ಟಿಗೆ. ಇಲ್ಲದಿದ್ದರೆ ಹೊರಗಿನಿಂದ ಬೇಕರ್ ಬರುತ್ತಾನೆ, ಪುಟ್ಟಿ ಮತ್ತೆ ಕೌಂಟರಿಗೆ.

ಪುಟ್ಟಿ ಸೇಬು ಹೆಚ್ಚಿ, ನಿಂಬೆರಸ ಹಿಂಡಿ, ತಟ್ಟೆಯಲ್ಲಿ ಬಟ್ಟಲಿನಂತೆ ಒತ್ತಿ ಫ್ರಿಜ್ಜಿನಲ್ಲಿಟ್ಟಿದ್ದ ಹಿಟ್ಟಿನೊಳಗೆ ತುಂಬಿದಳು. ಮೇಲಿನ ಪುಡಿಗೆ ಅಕ್ಕನ ಪುಸ್ತಕ ತೆರೆದಳು: ಮೈದಾ 260, ಬೆಣ್ಣೆ 160, ಸಕ್ಕರೆ 140 ಗ್ರಾಂ. ಒಂದು ಗ್ರಾಮೂ ಆಚೀಚೆ ಆಗದಂತೆ ತೂಗಿದಳು. ಬೆರಳ ತುದಿಯಲ್ಲಿ ಉಜ್ಜಿ, ಉದುರಿಸಿ, ನಲವತ್ತು ನಿಮಿಷ ಬೇಯಿಸಿದಳು.

ಹೊರಬಂದದ್ದರಲ್ಲಿ ಪುಡಿಯೇ ಇರಲಿಲ್ಲ. ಎಲ್ಲವೂ ಕರಗಿ ಒಂದೇ ಹಲಗೆಯಾಗಿ ಸೆಟೆದುಕೊಂಡಿತ್ತು. ಅಂಚಿನಲ್ಲಿ ಬೆಣ್ಣೆ ಕುದಿಯುತ್ತಿತ್ತು.

"ನಿನ್ನ ಕೈ ಬಿಸಿ ಕಣೇ," ಎಂದಳು ಅಕ್ಕ. "ಚಿಕ್ಕವಳಿದ್ದಾಗ ನಿನ್ನ ಕೈಗೆ ಚಾಕಲೇಟ್ ಕೊಟ್ರೆ ಬಾಯಿ ಮುಟ್ಟೋ ಹೊತ್ತಿಗೆ ಪಾಯಸ ಆಗಿರ್ತಿತ್ತು."

"ಐಸ್ ನೀರಲ್ಲಿ ಅದ್ದಿ ಮಾಡಿದ್ದೀನಿ ಅಕ್ಕ. ಪುಸ್ತಕದ ಅಳತೆನೇ ಸರಿಯಿಲ್ಲ ಅನ್ಸುತ್ತೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಹತ್ತೊಂಬತ್ತು ವರ್ಷ ಅದೇ ಪುಸ್ತಕ ನೋಡ್ಕೊಂಡೇ ಮಾಡಿದ್ದು ನಾನು. ಮೂರು ಗಂಟೆ ಅಂದ್ರೆ ಮೂರೇ ಗಂಟೆ. ಆಮೇಲೆ ಆ ಬೇಕರ್‌ಗೆ ಫೋನ್ ಮಾಡೋದೇ."

ಎರಡನೆಯ ಸಲ ಬೆಣ್ಣೆಯನ್ನು ಫ್ರೀಜರಿನಲ್ಲಿಟ್ಟು, ಕೈ ಸೋಕಿಸದೆ ಫೋರ್ಕಿನಲ್ಲೇ ಉಜ್ಜಿದಳು. ಅದೇ ಹಲಗೆ. ಹಾಗಾದರೆ ತಪ್ಪು ಕೈಯದಲ್ಲ. ಪುಸ್ತಕ ಅದೇ, ಓವನ್ ಅದೇ, ಬೆಣ್ಣೆ ಅದೇ. ಬದಲಾದದ್ದು ಒಂದೇ: ಒಂಟಿ ಕೈಯಲ್ಲಿ ಕೆಲಸ ಮಾಡುವ ಹೆಂಡತಿಗೆ ಸುಲಭವಾಗಲಿ ಎಂದು ಮಂಗಳವಾರ ಭಾವ ತಂದಿಟ್ಟ ಹೊಸ ತೂಕದ ಯಂತ್ರ.

ಹಳೆಯದು ಉಗ್ರಾಣದ ಬಾಗಿಲು ಮುಚ್ಚಿಕೊಳ್ಳದಂತೆ ಒತ್ತು ಕೊಟ್ಟು ಕೂತಿತ್ತು. ತಟ್ಟೆ ಖಾಲಿ. ಮುಳ್ಳು ಮಾತ್ರ ಅರವತ್ತರ ಮೇಲೆ. ಬೆರಳಿನಿಂದ ತಟ್ಟಿದಳು. ಮುಳ್ಳು ಒಮ್ಮೆ ತೂಗಾಡಿ ಮತ್ತೆ ಅರವತ್ತಕ್ಕೇ ಬಂದು ನಿಂತಿತು.

"ಭಾವ, ಈ ಮುಳ್ಳು ಯಾವಾಗಿಂದ ಹೀಗಿದೆ?"

"ಮದುವೆಯಾದಾಗಿಂದ. ನಿಮ್ಮಕ್ಕನ ಥರಾನೇ ಅದು, ತಿದ್ದೋಕೆ ಹೋಗಬಾರದು."

ಪುಟ್ಟಿ ಹಿಟ್ಟಿನ ಚೀಲದ ಮೇಲೆ ಪೆನ್ಸಿಲಿನಲ್ಲಿ ಲೆಕ್ಕ ಹಾಕಿದಳು. ಅಕ್ಕನ 260 ನಿಜಕ್ಕೂ 200, 160 ಅಂದರೆ 100, 140 ಅಂದರೆ 80. ಕಿಲೋಗಟ್ಟಲೆ ಕಲಸುವ ಬ್ರೆಡ್ಡಿಗೆ ಅರವತ್ತು ಗ್ರಾಂ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ; ಅದಕ್ಕೇ ಯಾರೂ ತಲೆಕೆಡಿಸಿಕೊಂಡಿರಲಿಲ್ಲ. ಈ ಪುಡಿಯಲ್ಲಿ ಮಾತ್ರ ಮೈದಾದ ಅರ್ಧದಷ್ಟಿರಬೇಕಾದ ಬೆಣ್ಣೆ ಅರ್ಧ ದಾಟಿ ಹೋಗಿತ್ತು.

ಮೂರನೆಯ ಪೈ ಎರಡು ನಲವತ್ತಕ್ಕೆ ಹೊರಬಂತು. ಮೇಲೆ ಕೆಂಬಣ್ಣದ ಗರಿಗರಿ ಕಾಳುಗಳು, ನಡುವೆ ಅಲ್ಲಲ್ಲಿ ಸೇಬಿನ ರಸ. ಅಕ್ಕ ಎಡಗೈಯಲ್ಲಿ ಚಮಚ ಊರಿದಳು. ಪುಡಿ ಕರಕರ ಎಂದಿತು. ಒಂದು ಚಮಚ ತಿಂದಳು. ಇನ್ನೊಂದು ತಿಂದಳು.

"ಹೂಂ. ಏನು ಮಾಡ್ದೆ?"

ಪುಟ್ಟಿ ಹಳೆಯ ಯಂತ್ರವನ್ನು ತಂದು ಮೇಜಿನ ಮೇಲಿಟ್ಟಳು. "ನೆಲ ಡೊಂಕಾಗೇ ಇತ್ತು ಅಕ್ಕ. ಅರವತ್ತು ಗ್ರಾಂ."

ಅಕ್ಕ ಖಾಲಿ ತಟ್ಟೆಯನ್ನೂ ಮುಳ್ಳನ್ನೂ ನೋಡಿದಳು. ಹೊಸ ಯಂತ್ರದ ಮೇಲೆ ಬೆಣ್ಣೆಯ ಒಂದು ಪೊಟ್ಟಣ ಇಟ್ಟಳು, ತೆಗೆದು ಹಳೆಯದರ ಮೇಲಿಟ್ಟಳು. ಆಮೇಲೆ ಪುಸ್ತಕವನ್ನು ತಂಗಿಯ ಕಡೆ ತಳ್ಳಿದಳು.

"ತಿದ್ದು."

"ನಾನಾ? ಇದು ನಿನ್ನ ಪುಸ್ತಕ. ಭಾವನಿಗೂ ಮುಟ್ಟೋಕೆ ಬಿಡಲ್ಲ ನೀನು."

"ಈ ಪ್ಲಾಸ್ಟರ್ ಕೈಲಿ ನಾನು ಬರೀಲಾ? ಪೆನ್ಸಿಲ್ ಬೇಡ, ಪೆನ್ನಲ್ಲಿ ಬರಿ."

ಪುಟ್ಟಿ 260 ಹೊಡೆದು 200 ಬರೆಯುವಷ್ಟರಲ್ಲಿ ಕೌಂಟರಿನ ಗಂಟೆ ಬಡಿಯಿತು. ಅಭ್ಯಾಸಬಲದಿಂದ ಎದ್ದು ನಿಂತಳು.

"ಕೂತ್ಕೋ," ಎಂದಳು ಅಕ್ಕ. "ನಿಮ್ಮ ಭಾವ ಹೋಗ್ತಾರೆ."