ಮುಹ್ತಾರನನ್ನು ಆಚೆ ದಡಕ್ಕೆ ಬಿಟ್ಟೆ

ಬೆಕ್ಕಿನ ಮರಿಯನ್ನು ಮನೆಯೊಳಗೇ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ಕೇಳುವವರು ಒಂದು ದಿನವೂ ಬಿಳಿ ಬಟ್ಟೆ ಹೊಲಿದವರಲ್ಲ. ನಾನು ಮೂವತ್ತೊಂದು ವರ್ಷದಿಂದ ಮದುಮಗಳ ಗೌನು ಹೊಲಿಯುತ್ತಿದ್ದೇನೆ. ಇಸ್ತಾಂಬುಲ್‌ನ ಏರು ಬೀದಿಯೊಂದರಲ್ಲಿ, ಮೂರನೇ ಮಹಡಿಯಲ್ಲಿ ಎರಡು ಕೋಣೆ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಗೌನುಗಳು. ಸ್ಯಾಟಿನ್ ಮೇಲೆ ಒಂದು ಬೂದು ಕೂದಲು ಕಂಡರೆ ಸಾಕು, ಹುಡುಗಿಯ ತಾಯಿ ಮುಖ ಸಿಂಡರಿಸುತ್ತಾಳೆ, ಅತ್ತೆಯಾಗುವವಳು ಅದನ್ನು ಮೊಹಲ್ಲಾಕ್ಕೆಲ್ಲ ಸಾರಿಕೊಂಡು ಬರುತ್ತಾಳೆ. ಹಾಗಾಗಿ ಇಪ್ಲಿಕ್ ಹಗಲೆಲ್ಲ ಬೀದಿಯಲ್ಲೇ ಇರಬೇಕಿತ್ತು.

ಇಪ್ಲಿಕ್ ಎಂದರೆ ದಾರ. ಕೈಗೆ ಸಿಕ್ಕ ಮೊದಲ ದಿನವೇ ನನ್ನ ದಾರದ ಉಂಡೆಯನ್ನೆಲ್ಲ ಬಿಚ್ಚಿ ಹಾಕಿದ್ದಕ್ಕೆ ಆ ಹೆಸರು. ಬೂದು ಮೈ, ಏಳು ತಿಂಗಳ ಗಂಡು, ಬುದ್ಧಿ ಮಾತ್ರ ಸೊನ್ನೆ. ಅಂಗಡಿಯಿಂದ ಬ್ರೆಡ್ಡು ತರಿಸಲು ನಮ್ಮ ಬೀದಿಯ ಹೆಂಗಸರು ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡುತ್ತೇವಲ್ಲ, ಆ ಬುಟ್ಟಿಯಲ್ಲೇ ಅವನನ್ನು ಬೆಳಿಗ್ಗೆ ಇಳಿಸುತ್ತಿದ್ದೆ, ಸಂಜೆ ಎಳೆದುಕೊಳ್ಳುತ್ತಿದ್ದೆ. ಮಧ್ಯದಲ್ಲಿ ಕೆಳಗೆ ಬುಸುಗುಟ್ಟುವ ಸದ್ದು ಕೇಳಿದರೂ ಬುಟ್ಟಿ ಬಿಡುತ್ತಿದ್ದೆ. ಎಲ್ಲಿದ್ದರೂ ಓಡಿ ಬಂದು ಅದರೊಳಗೆ ಹಾರುತ್ತಿದ್ದ. ದಿನಕ್ಕೆ ಐದಾರು ಸಲ ಸೂಜಿ ಬಿಟ್ಟು ಎದ್ದರೆ ಹೊಲಿಗೆ ಯಾವಾಗ ಮುಗಿಯಬೇಕು, ನೀವೇ ಹೇಳಿ.

ಬುಸುಗುಟ್ಟುತ್ತಿದ್ದವನು ಮುಹ್ತಾರ್. ಮೊಹಲ್ಲಾದ ಮುಖ್ಯಸ್ಥನಿಗೆ ನಾವು ಹಾಗೆನ್ನುತ್ತೇವೆ. ಈ ಬೆಕ್ಕೂ ದಿನಾ ಒಂದೊಂದು ಬಾಗಿಲ ಮುಂದೆ ನಿಂತು ವಿಚಾರಿಸಿಕೊಂಡು ಹೋಗುತ್ತಿದ್ದುದರಿಂದ ಅದೇ ಹೆಸರು ಅಂಟಿಕೊಂಡಿತು. ಕೆಂಚು ಮೈ, ಕುಂಬಳಕಾಯಿಯಷ್ಟು ತಲೆ. ಹೆಸರಿಗೆ ಬೀದಿಯ ಬೆಕ್ಕು, ಆದರೆ ನಿಜವಾಗಿ ಅವನು ಪೆರಿಹಾನ್‌ಳ ಬೆಕ್ಕು. ನೆಲಮಹಡಿಯಲ್ಲಿ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಅವಳದು. ಅಲ್ಲಿರುವ ಮೂರು ಕುರ್ಚಿಗಳಲ್ಲಿ ನಡುವಿನದು ಮುಹ್ತಾರನಿಗೆ ಮೀಸಲು. ಗಿರಾಕಿಗಳು ನಿಂತು ಕಾಯುತ್ತಿದ್ದರು, ಅವನನ್ನು ಎಬ್ಬಿಸುವ ಧೈರ್ಯ ಯಾರಿಗೂ ಇರಲಿಲ್ಲ. ನಾನು ಗೌನು ಹೊಲಿದ ಹುಡುಗಿಯರಿಗೆ ಪೆರಿಹಾನ್ ಕೂದಲು ಕಟ್ಟುತ್ತಿದ್ದಳು, ಅವಳ ಗಿರಾಕಿಗಳು ನನ್ನಲ್ಲಿಗೆ ಬರುತ್ತಿದ್ದರು. ಹದಿನೆಂಟು ವರ್ಷ ನಮ್ಮಿಬ್ಬರ ನಡುವೆ ಒಂದು ಗಟ್ಟಿ ಮಾತು ಬಂದಿರಲಿಲ್ಲ.

ಏಪ್ರಿಲ್‌ನಲ್ಲಿ ಮುಹ್ತಾರ್ ಇಪ್ಲಿಕ್‌ನ ಎಡಗಿವಿಯನ್ನು ಸೀಳಿದ. ಮುಹ್ತಾರನ ಅನ್ನದ ಬಟ್ಟಲನ್ನು ನಮ್ಮ ಕಟ್ಟಡದ ಮೆಟ್ಟಿಲಿನಿಂದ ತೆಗೆದು ಹಿತ್ತಲಿಗೆ ಇಡು ಎಂದು ಪೆರಿಹಾನ್‌ಗೆ ಹೇಳಿದೆ. ಐದು ವರ್ಷದಿಂದ ತಿನ್ನುವ ಜಾಗ, ಈಗ ಹೇಗೆ ಬದಲಿಸಲಿ ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ನಿನ್ನ ಗೂಂಡಾನನ್ನು ಕಟ್ಟಿ ಹಾಕು ಎಂದುಬಿಟ್ಟೆ.

"ಅವನು ಗದರಿಸ್ತಾನೆ ಅಷ್ಟೇ ಅಕ್ಕ," ಎಂದಳು. "ಕೊಲ್ಲೋ ಹಾಗಿದ್ರೆ ನಿಮ್ಮ ಹುಡುಗ ಇಷ್ಟು ದಿನ ಉಳೀತಿದ್ನಾ?"

ಕಿವಿಗೆ ಹೊಲಿಗೆ ಹಾಕಿದ ಪಶುವೈದ್ಯನೂ ಹೆಚ್ಚುಕಡಿಮೆ ಅದನ್ನೇ ಹೇಳಿದ. ಮರಿ ಇನ್ನೂ ಬಲಿತಿಲ್ಲ, ಎರಡು ತಿಂಗಳು ತಾಳಿ, ಯಾರು ಎಲ್ಲಿರಬೇಕು ಅನ್ನುವುದನ್ನು ಅವರವರೇ ಇತ್ಯರ್ಥ ಮಾಡಿಕೊಳ್ಳುತ್ತಾರೆ, ಅಲ್ಲಿಯವರೆಗೆ ಬುಟ್ಟಿ ಬಿಡುತ್ತಿರಿ ಎಂದ. ಅವನ ಮರಿಯ ಕಿವಿಯಾಗಿದ್ದರೆ ತಾಳುತ್ತಿದ್ದನೋ ಏನೋ. ನನಗೆ ಎರಡು ದಿನವೂ ಆಗಲಿಲ್ಲ.

ಭಾನುವಾರ ಪೆರಿಹಾನ್‌ಳ ಅಂಗಡಿಗೆ ರಜೆ, ಅವಳು ತಂಗಿಯ ಮನೆಗೆ ಹೋಗುತ್ತಾಳೆ. ಆ ಬೆಳಿಗ್ಗೆ ಬಟ್ಟೆ ಸಾಗಿಸುವ ಜಿಪ್ಪಿನ ಚೀಲದಲ್ಲಿ ಹುರಿದ ಕುರಿಯ ಈಲಿ ಇಟ್ಟುಕೊಂಡು ಕೆಳಗಿಳಿದೆ. ಹತ್ತು ನಿಮಿಷದಲ್ಲಿ ಮುಹ್ತಾರ್ ಚೀಲದೊಳಗಿದ್ದ. ಫೆರ್ರಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಪಕ್ಕದ ಗಂಡಸು ಎಲ್ಲಿಗೆ ಕರೆದೊಯ್ಯುತ್ತಿದ್ದೀರಿ ಎಂದು ವಿಚಾರಿಸಿ, ಜಿಪ್ಪಿನ ಸಂದಿಯಲ್ಲಿ ತನ್ನ ಸಿಮಿತ್ ಬ್ರೆಡ್ಡಿನ ಒಂದು ಚೂರು ತೂರಿಸಿದ. ಡಾಕ್ಟರ ಹತ್ತಿರ ಎಂದು ಸುಳ್ಳು ಹೇಳಿದೆ. ಆಚೆ ದಡದ ಉಸ್ಕುದಾರಿನಲ್ಲಿ ಇಳಿದು, ಮೀನಿನ ಅಂಗಡಿಗಳ ಹಿಂದೆ ಚೀಲ ಬಿಚ್ಚಿದೆ. ಮುಹ್ತಾರ್ ಇಳಿದು ಸುತ್ತ ನೋಡಿದ. ನಾನು ಹಿಂದೆ ತಿರುಗದೆ ಬಂದೆ.

ಪಾಪ ಎನಿಸಲಿಲ್ಲ. ಇಸ್ತಾಂಬುಲ್ ಇದು, ಇಲ್ಲಿ ಯಾವ ಬೆಕ್ಕೂ ಉಪವಾಸ ಬೀಳುವುದಿಲ್ಲ. ಪ್ರತಿ ಬೀದಿಯಲ್ಲೂ ಒಬ್ಬಳು ಪೆರಿಹಾನ್ ಇದ್ದೇ ಇರುತ್ತಾಳೆ, ಮೀನಿನವರಂತೂ ಕರೆದು ಹಾಕುತ್ತಾರೆ. ಈ ಊರಲ್ಲಿ ಬೆಕ್ಕನ್ನು ಎಲ್ಲಿ ಬಿಟ್ಟರೂ ಒಂದು ಮನೆಯಿಂದ ಇನ್ನೊಂದು ಮನೆಗೆ ಕಳಿಸಿದಂತೆ. ವಾಪಸು ಬರುವಾಗ ನೂರು ಸಲ ಹೀಗೇ ಹೇಳಿಕೊಂಡೆ. ಅಷ್ಟು ಸಲ ಯಾಕೆ ಹೇಳಿಕೊಳ್ಳಬೇಕಾಯಿತು ಎಂದು ಆಗ ಹೊಳೆಯಲಿಲ್ಲ.

ಪೆರಿಹಾನ್ ನಾಲ್ಕು ಬೀದಿ ಅಲೆದಳು. ಕಸದ ಗಾಡಿಯವರನ್ನು ಕೇಳಿದಳು, ನಗರಸಭೆಗೆ ಫೋನು ಮಾಡಿದಳು. ಅವನ ಫೋಟೋ ಅಚ್ಚು ಹಾಕಿಸಿ ಅಂಗಡಿಯ ಗಾಜಿಗೆ ಅಂಟಿಸುವಾಗ ಟೇಪು ಕತ್ತರಿಸಿ ಕೊಟ್ಟವಳು ನಾನೇ. ನಡುವಿನ ಕುರ್ಚಿಯಲ್ಲಿ ಆಗಲೂ ಯಾರನ್ನೂ ಕೂರಿಸುತ್ತಿರಲಿಲ್ಲ.

ಇಪ್ಲಿಕ್ ಮಾತ್ರ ರಾಜನಾದ. ಮೆಟ್ಟಿಲ ಮೇಲೆ ಹೊಟ್ಟೆ ಮೇಲೆ ಮಾಡಿ ಮಲಗುತ್ತಿದ್ದ, ಮುಹ್ತಾರನ ಬಟ್ಟಲಲ್ಲೇ ತಿನ್ನುತ್ತಿದ್ದ. ನಾನೂ ನಿಶ್ಚಿಂತೆಯಿಂದ ಹೊಲಿದೆ. ಬುಟ್ಟಿಯನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಿಟ್ಟರೆ ಮುಗಿಯಿತು. ಉಳಿದ ಹೊತ್ತು ಹಗ್ಗ ಸುತ್ತಿ ಕಿಟಕಿಯ ಒಳಗೆ ಇಟ್ಟಿರುತ್ತಿದ್ದೆ.

ಎರಡನೇ ವಾರ ಕೆಳಗಿನ ಬೀದಿಯಿಂದ ಎರಡು ಗಂಡು ಬೆಕ್ಕು ಹತ್ತಿ ಬಂದವು. ಒಂದು ಕರಿಯದು, ಇನ್ನೊಂದಕ್ಕೆ ಅರ್ಧ ಬಾಲ. ಮೇಲಿನಿಂದ ಒಮ್ಮೆ ನೀರು ಎರಚಿ ಓಡಿಸಿದೆ. ಯಾರೋ ದಾರಿಹೋಕರು ಎಂದುಕೊಂಡೆ.

ಗುರುವಾರ ಮಧ್ಯಾಹ್ನ ಒಬ್ಬ ಹುಡುಗಿ ಕೊನೆಯ ಅಳತೆಗೆ ಬಂದಿದ್ದಳು. ಅವಳು ಸ್ಟೂಲಿನ ಮೇಲೆ, ನಾನು ಕೆಳಗೆ ಮೊಣಕಾಲೂರಿ, ಬಾಯಲ್ಲಿ ಗುಂಡುಸೂಜಿ. ಕೆಳಗೆ ಕಿರುಚಾಟ ಕೇಳಿಸಿತು. ಮುಹ್ತಾರ್ ಇದ್ದ ದಿನಗಳಾಗಿದ್ದರೆ ಒಂದೇ ನೆಗೆತಕ್ಕೆ ಕಿಟಕಿಯಲ್ಲಿರುತ್ತಿದ್ದೆ. ಅಂದು ಅಂಚಿಗೆ ಇನ್ನೂ ಮೂರು ಸೂಜಿ ಚುಚ್ಚಿದೆ. ಆಮೇಲೆ ಪೆರಿಹಾನ್ ಕೂಗಿದ್ದು ಕೇಳಿಸಿತು. ಎದ್ದು ಬಗ್ಗಿ ನೋಡಿದರೆ ಇಪ್ಲಿಕ್ ಸರಿಯಾಗಿ ನಮ್ಮ ಕಿಟಕಿಯ ಕೆಳಗೆ ಬಿದ್ದಿದ್ದ. ಬುಟ್ಟಿ ಇಳಿಯುವ ಜಾಗ ಅದು. ಮೆಟ್ಟಿಲ ಕೆಳಗಿನ ಸಂದಿಗೆ ನುಗ್ಗಬಹುದಿತ್ತು, ಅಂಗಡಿಯೊಳಗೆ ಓಡಬಹುದಿತ್ತು. ಅದನ್ನು ನಾನು ಅವನಿಗೆ ಕಲಿಸಿರಲಿಲ್ಲ. ಬುಟ್ಟಿಗೆ ಕಾಯುವುದೊಂದನ್ನೇ ಕಲಿಸಿದ್ದೆ.

ಪೆರಿಹಾನ್ ಪೊರಕೆಯಿಂದ ಆ ಎರಡನ್ನೂ ಬಡಿದು ಅಟ್ಟಿದ್ದಳು. ಅರ್ಧ ಬಣ್ಣ ಹಚ್ಚಿಕೊಂಡ ಗಿರಾಕಿಯನ್ನು ಹಾಗೇ ಕೂರಿಸಿ ನನ್ನ ಜೊತೆ ಪಶುವೈದ್ಯನ ಹತ್ತಿರ ಓಡಿದಳು. ಕತ್ತು ಹರಿದಿತ್ತು. ಬಾಗಿಲು ಮುಟ್ಟುವ ಮೊದಲೇ ನನ್ನ ಕೈಯಲ್ಲಿ ಅವನು ತಣ್ಣಗಾದ.

ಸಂಜೆ ಅಂಗಡಿಯ ಹಿತ್ತಲಲ್ಲಿ, ಅಂಜೂರದ ಗಿಡದ ಹತ್ತಿರ ಅವಳೇ ಗುಂಡಿ ತೋಡಿದಳು. ಅಂಗಡಿಯ ಒಳ್ಳೆಯ ಟವಲ್ಲೊಂದನ್ನು ತಂದು ಇಪ್ಲಿಕ್‌ನನ್ನು ಅದರಲ್ಲಿ ಸುತ್ತಿದಳು. ಸೀಳಿದ ಕಿವಿಯನ್ನು ಬೆರಳಿಂದ ಸರಿಮಾಡಿದಳು.

"ಮುಹ್ತಾರ್ ಇದ್ದಿದ್ರೆ ಅವು ಈ ಬೀದಿಗೆ ಕಾಲಿಡ್ತಾನೇ ಇರ್ಲಿಲ್ಲ ಅಕ್ಕ," ಎಂದಳು. "ಇಷ್ಟು ವರ್ಷ ಅವನೇ ತಡೆದಿದ್ದ. ನಮಗೆ ಗೊತ್ತೇ ಆಗ್ಲಿಲ್ಲ."

ನಾನು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವಳು ನನ್ನ ಮರಿಯನ್ನು ತನ್ನ ಟವಲ್ಲಿನಲ್ಲಿ ಮಲಗಿಸುತ್ತಿದ್ದಳು. ಅದನ್ನು ನೋಡಿಕೊಂಡು ಬಾಯಿ ಮುಚ್ಚಿರುವಷ್ಟು ಕೆಟ್ಟವಳಾಗಲು ನನ್ನಿಂದ ಆಗಲಿಲ್ಲ. ಭಾನುವಾರ, ಫೆರ್ರಿ, ಮೀನಿನ ಅಂಗಡಿ, ಎಲ್ಲ ಹೇಳಿದೆ. ನಾಳೆಯೇ ಇಬ್ಬರೂ ಹೋಗಿ ಹುಡುಕೋಣ ಎಂದೂ ಹೇಳಿದೆ.

ಅವಳು ಬಯ್ಯಲಿಲ್ಲ. ಮಣ್ಣು ಎಳೆಯುತ್ತಲೇ ಇದ್ದಳು. ಒಂದೇ ಒಂದು ಪ್ರಶ್ನೆ ಕೇಳಿದಳು.

"ಚೀಲದೊಳಗೆ ಹೇಗೆ ಹಾಕಿದ್ರಿ? ಅವನು ಡಾಕ್ಟರ ಕೈಗೂ ಸಿಕ್ಕೋನಲ್ಲ."

"ಹಾಕ್ಲಿಲ್ಲ. ಚೀಲ ಬಿಚ್ಚಿಟ್ಟು ಹೆಸರು ಹಿಡಿದು ಕರೆದೆ. ತಾನೇ ಬಂದ."

"ಬರ್ದೇ ಏನ್ ಮಾಡ್ತಾನೆ," ಎಂದಳು ಪೆರಿಹಾನ್. "ಕರೆದೋರು ನಮ್ಮೋರಲ್ವಾ."

ಗುಂಡಿಯ ಮೇಲಿನ ಮಣ್ಣನ್ನು ಅಂಗೈಯಿಂದ ತಟ್ಟಿ ಸಮ ಮಾಡಿ, ಸಲಿಕೆ ಎತ್ತಿಕೊಂಡು ಒಳಗೆ ಹೋದಳು. ಬಾಗಿಲನ್ನು ದಢಾರನೆ ಹಾಕಿದ್ದರೆ ನನಗೂ ಎರಡು ಮಾತಾಡಲು ಬಾಯಿ ಬರುತ್ತಿತ್ತು. ಅವಳು ಮೆಲ್ಲಗೆ ಹಾಕಿಕೊಂಡಳು.